ಕುರಿ ದಡ್ಡಿಯ ಅಕ್ಕಾರು

"ಟಗರು ಹಾಲ ಕೊಟ್ಟ ದಿನ ನಮ್ಮ ಮನ್ಯಾಗ ಡಾಕ್ಟರ್ ಹುಟ್ಟತಾರ್ರಿ ಅಕ್ಕಾರ" ಎಂದವನು ನನ್ನ ದೊಡ್ಡಪ್ಪ. ಅಷ್ಟಕ್ಕೇ ಬಿಡಲಿಲ್ಲ. ದಡ್ಡಿಯಲ್ಲಿ ಮೆಲುಕು ಹಾಕುತ್ತ ಮಲಗಿದ್ದ ದೊಡ್ಡ ಟಗರನ್ನು ಕೊಂಬು ಹಿಡಿದು ಎಬ್ಬಿಸಿ, ಅದರ ಹೊಟ್ಟೆಯ ಕೆಳಗೆ ಬಗ್ಗಿ ನೋಡಿ, "ಇಲ್ಲ ಬಿಡ್ರಿ, ಇನ್ನೂ ಕೆಚ್ಚಲ ಬಂದಿಲ್ಲ" ಎಂದ. ಅಲ್ಲಿದ್ದವರೆಲ್ಲ ನಕ್ಕರು. ನನ್ನ ಅವ್ವ ಕೂಡ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗದೆ ಉಳಿದವರು ನಾನು ಮತ್ತು ಅಕ್ಕಾರು.

ಈಗ ನಾನು ಪಶುವೈದ್ಯೆ. ಮೇಲವಂಕಿಯ ನಮ್ಮ ಮನೆತನದಲ್ಲಿ ಪದವಿ ಕಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಲಭಕ್ಕೆ ಬಂದದ್ದಲ್ಲ ಅದು. ಆದರೆ ಬರೆಯಲು ಕುಳಿತದ್ದು ನನ್ನ ಬಗ್ಗೆ ಅಲ್ಲ. ಅಕ್ಕಾರು ಹೋಗಿ ಬಹಳ ಕಾಲವೇನೂ ಆಗಿಲ್ಲ. ಇನ್ನೂ ಯಾವುದಾದರೂ ಸತ್ತ ಕುರಿಯ ಮುಂದೆ ಕುಳಿತಾಗ ಅವರು ಬಗಲಲ್ಲೇ ಇದ್ದಾರೆ ಎನಿಸಿ ಕೈ ಒಂದು ಕ್ಷಣ ತಡೆಯುತ್ತದೆ.

ಅವರ ಹೆಸರು ಇಲ್ಲಿ ಬೇಡ. ನಮ್ಮ ಹಿಂಡಿನವರಿಗೂ ಅದು ಗೊತ್ತಿರಲಿಲ್ಲ. ಸಾಲಿ ಕಲಿಸುವ ಹೆಂಗಸರನ್ನು ನಾವು ಅಕ್ಕಾರು ಎನ್ನುತ್ತೇವೆ. ಕುರಿಗೆ ಸೂಜಿ ಮಾಡುವ ಡಾಕ್ಟರ್ ಹೆಂಗಸಾಗಿ ಬಂದಾಗ ಏನೆಂದು ಕರೆಯಬೇಕೋ ತಿಳಿಯದೆ ನಮ್ಮವರು ಅದೇ ಹೆಸರನ್ನು ಕೊಟ್ಟರು. ಹುಕ್ಕೇರಿ ಕಡೆಯ ಒಂದು ಹಳ್ಳಿಯ ದನದ ದವಾಖಾನೆಗೆ ಅವರು ದಿನಾ ಸಂಕೇಶ್ವರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಕಾಲ ಬಳಿ ಲಸಿಕೆಯ ಐಸ್ ಡಬ್ಬಿ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಗಂಡ ಬೇಗ ತೀರಿಕೊಂಡಿದ್ದರು. ಮನೆಯಲ್ಲಿ ಇವರು ಮತ್ತು ಅತ್ತೆ, ಇಬ್ಬರೇ.

ಬಸವಣ್ಣನನ್ನು ನಂಬಿದ ಮನೆ, ಮಾಂಸದ ವಾಸನೆಯೇ ಆಗದು. ಕೆಲಸ ಮಾತ್ರ ಸತ್ತ ಕುರಿಯ ಹೊಟ್ಟೆ ಸೀಳುವುದು. ಕತ್ತಿ ಹಿಡಿಯುವ ಮೊದಲು ಅವರು ಕರಡಿಗೆಯನ್ನು ಹಿಡಿದು, ಭುಜದ ಮೇಲಿಂದ ಬೆನ್ನಿಗೆ ಸರಿಸುತ್ತಿದ್ದರು. ರಕ್ತದ ಮೇಲೆ ತೂಗಾಡಬಾರದಲ್ಲ. ಕೆಲಸ ಮುಗಿದು ಕೈ ತೊಳೆದ ಮೇಲೆ ಅದು ಮತ್ತೆ ಎದೆಗೆ ಬರುತ್ತಿತ್ತು. ಯಾರೋ ಮಗುವನ್ನು ಒಂದು ಗಳಿಗೆ ಬೆನ್ನಿಗೆ ಹಾಕಿಕೊಂಡು ಮತ್ತೆ ಮುಂದೆ ತಂದುಕೊಂಡಂತೆ ನನಗೆ ಕಾಣುತ್ತಿತ್ತು.

"ನಮ್ಮತ್ತಿ ನನ್ನ ಮೂಸಿ ನೋಡೇ ಒಳಗ ಕರಕೋತಾರ" ಎಂದು ಅವರೇ ಹೇಳಿ ನಗುತ್ತಿದ್ದರು. ಕುರಿ ಕೊಯ್ದ ದಿನ ಮುಂಬಾಗಿಲಿನಿಂದ ಪ್ರವೇಶವಿಲ್ಲ. ಹಿತ್ತಲಿಗೆ ಸುತ್ತಿ ಬಂದು, ಬಟ್ಟೆ ತೊಳೆಯುವ ಕಲ್ಲಿನ ಮೇಲೆ ನಿಂತು, ಮೊಳಕೈವರೆಗೆ ತಿಕ್ಕಿ ತೊಳೆದು, ಸ್ನಾನ ಮಾಡಿಯೇ ಅಡುಗೆಮನೆಗೆ. ಚಳಿಗಾಲಕ್ಕೂ ಅದೇ ತಣ್ಣೀರು. ನಮ್ಮ ದಡ್ಡಿಯಲ್ಲಿ ರೊಟ್ಟಿ ತಿನ್ನುವಾಗ ಪಲ್ಯವನ್ನು ಬೆರಳಿನಿಂದ ಕೆದಕಿ, "ಏನವಾ, ಇದರಾಗ ಖಂಡ ಗಿಂಡ ಏನೂ ಬಿದ್ದಿಲ್ಲ ಹೌದಿಲ್ಲೋ?" ಎಂದು ನನ್ನ ಅವ್ವನನ್ನು ಕೇಳುವರು. "ಬದನಿಕಾಯಿ ಅಷ್ಟ ಐತ್ರಿ, ಅದಕ್ಕೂ ಜೀವ ಇದ್ದರ ನನಗ ಗೊತ್ತಿಲ್ಲ" ಎನ್ನುವಳು ಅವ್ವ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದ ವರ್ಷ ದೀಪಾವಳಿ ಸೂಟಿಗೆ ಹಿಂಡಿನ ಹತ್ತಿರ ಹೋಗಿದ್ದೆ. ನನ್ನ ಅಪ್ಪ ನಾನು ಸಣ್ಣವಳಿದ್ದಾಗಲೇ ಹೋದವನು. ಹಿಂಡೂ ಮನೆಯೂ ದೊಡ್ಡಪ್ಪನ ಮಾತಿನಂತೆ ನಡೆಯುತ್ತಿದ್ದವು. ಹಿಂಡು ಆಗ ಘೋಡಗೇರಿಯ ಬಾಜೂ ಒಂದು ಗೋವಿನಜೋಳದ, ನಮ್ಮವರ ಬಾಯಲ್ಲಿ ಗೊಂಜಾಳದ, ಹೊಲದಲ್ಲಿತ್ತು. ತೆನೆ ಮುರಿದುಕೊಂಡು ಹೋದ ಮೇಲೂ ಅಲ್ಲಿ ಕಾಳು, ಅರೆಬರೆ ತೆನೆ ಬೇಕಾದಷ್ಟು ಬಿದ್ದಿರುತ್ತವೆ. ಹೊಲದವರಿಗೆ ಗೊಬ್ಬರ, ನಮಗೆ ಮೇವು. ಹೊಸ ಹೊಲಕ್ಕೆ ಇಳಿಯುವಾಗ ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ, ಮೊದಲ ತುತ್ತು ಮರಿಗಳದು. ದೊಡ್ಡ ಕುರಿಗಳನ್ನು ಬದುವಿನ ಮೇಲೆ ತಡೆದು ನಿಲ್ಲಿಸಿ, ಮರಿಗಳನ್ನು ಮಾತ್ರ ಒಳಗೆ ಬಿಡುವುದು. ಅವು ಹೊಟ್ಟೆ ಬಿರಿಯೆ ತಿನ್ನುವುದನ್ನು ದೊಡ್ಡಪ್ಪ ಕೋಲಿಗೆ ಗದ್ದ ಊರಿ, ಮೊಮ್ಮಕ್ಕಳ ಪಂಕ್ತಿ ನೋಡಿದ ಹಾಗೆ ನೋಡುತ್ತಿದ್ದ.

ಮರುದಿನ ಬೆಳಗ್ಗೆ ಎಲ್ಲಕ್ಕಿಂತ ದುಂಡಗಿದ್ದ ಮರಿ ಕಾಲು ಚಾಚಿ ಸತ್ತು ಬಿದ್ದಿತ್ತು, ಕುತ್ತಿಗೆ ಬೆನ್ನಿನ ಕಡೆ ಸೆಟೆದಿತ್ತು. ಇನ್ನೊಂದು ನಮ್ಮ ಕಣ್ಣೆದುರೇ ಜಿಗಿದು, ಗರಗರ ತಿರುಗಿ, ಬಿದ್ದು ಕಾಲು ಬಡಿದು ಸುಮ್ಮನಾಯಿತು. ಮಧ್ಯಾಹ್ನದ ಹೊತ್ತಿಗೆ ಮತ್ತೆರಡು ಹೋದವು. ಸತ್ತವೆಲ್ಲ ಕೊಬ್ಬಿದ ಮರಿಗಳೇ. ಬಡಕಲು ಮರಿಗಳು ಆರಾಮಾಗಿ ನಿಂತು ನೋಡುತ್ತಿದ್ದವು. ದೊಡ್ಡಪ್ಪ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, "ಕಣ್ಣ ಬಿದ್ದೈತಿ. ಹಿಂಡ ಎಬ್ಬಸ್ರಿ" ಎಂದು ಕೂಗಾಡುತ್ತಿರುವಾಗ ಅಕ್ಕಾರ ಸ್ಕೂಟರ್ ಬಂತು. ಅವ್ವ ಹೊಲದವರ ಫೋನಿನಿಂದ ಸದ್ದಿಲ್ಲದೆ ಕರೆಸಿದ್ದಳು.

"ಒಂದನ್ನ ಕೊಯ್ದು ನೋಡ್ತೇನಿ ಕಾಕಾ" ಎಂದರು ಅಕ್ಕಾರು.

"ದಡ್ಡಿಯಾಗ ಹೆಣ್ಣಮಕ್ಕಳು ಕತ್ತಿ ಹಿಡಿಯೂಹಂಗಿಲ್ರಿ. ಹಿರ್ಯಾರ ಕಾಲದಿಂದ ಬಂದೈತಿ."

"ಬ್ಯಾಲಿ ಹೊರಗ?"

ದೊಡ್ಡಪ್ಪ ಯೋಚಿಸಿದ. ಬೇಲಿಯ ಹೊರಗಿನ ವಿಷಯ ಹಿರಿಯರು ಏನೂ ಹೇಳಿರಲಿಲ್ಲ. ಅಕ್ಕಾರು ಸತ್ತ ಮರಿಯನ್ನು ಹಿಂಗಾಲು ಹಿಡಿದು ಎಳೆದುಕೊಂಡು ಮುಳ್ಳುಬೇಲಿ ದಾಟಿ, ಆಚೆ ಕುಕ್ಕುರುಗಾಲಲ್ಲಿ ಕುಳಿತರು.

"ಕುರಿ ತಿನ್ನದಾಕಿಗೆ ಕುರಿ ಒಳಗಿಂದ ಏನ ಗೊತ್ತಿರತೈತಿ?" ಎಂದು ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದ.

"ತಿನ್ನಾವರು ಮಸಾಲಿ ನೋಡ್ತಾರ ಕಾಕಾ. ನಾ ಕರುಳ ನೋಡ್ತೇನಿ" ಎಂದು ಕರಡಿಗೆಯನ್ನು ಬೆನ್ನಿಗೆ ಸರಿಸಿದರು.

ಯಾರೂ ಹತ್ತಿರ ಹೋಗಲಿಲ್ಲ. ನಾನು ಹೋದೆ. "ಹಿಡಿ" ಎಂದರು, ಹಿಡಿದೆ. ಕರುಳು ಗಾಳಿ ತುಂಬಿ ಉಬ್ಬಿತ್ತು. ಕೆಲವು ಕಡೆ ಕೆಂಪಗೆ, ಗೀರಿದರೆ ಹರಿಯುವಷ್ಟು ತೆಳುವಾಗಿತ್ತು. ಹೊಟ್ಟೆಯಲ್ಲಿ ಕಾಳು ಕಾಳಾಗಿಯೇ ಇತ್ತು. ಮೂತ್ರಪಿಂಡವನ್ನು ನನ್ನ ಅಂಗೈ ಮೇಲೆ ಇಟ್ಟು, "ಒತ್ತಿ ನೋಡ" ಎಂದರು. ಹಣ್ಣಾಗಿ ಮೀರಿದ ಬಾಳೆಹಣ್ಣಿನಂತೆ ಬೆರಳು ಒಳಗೇ ಹೋಯಿತು.

"ಇದಕ್ಕ ಯಾರ ಕಣ್ಣೂ ಬಿದ್ದಿಲ್ಲ ಕಾಕಾ. ನಿಮ್ಮ ಪ್ರೀತಿ ಬಿದ್ದೈತಿ" ಎಂದರು ಅಕ್ಕಾರು. "ಇದು ಕರುಳ ಬ್ಯಾನಿ. ಈ ಕ್ರಿಮಿ ಎಲ್ಲಾ ಕುರಿ ಕರುಳಾಗೂ ಸುಮ್ಮನ ಇರ್ತಾವ, ಬಾಡಿಗಿ ಮನ್ಯಾಗ ಇದ್ದಂಗ. ಒಮ್ಮಿಗೇ ಇಷ್ಟ ಕಾಳ ಬಿತ್ತಂದ್ರ ಅವಕ್ಕ ಹಬ್ಬ. ರಾತ್ರಿ ಬೆಳಗ ಆಗೂದ್ರಾಗ ಸಾವಿರಪಟ್ಟು ಆಗಿ ವಿಷಾ ಕಾರತಾವ. ಹಸಿದಿದ್ದು ಉಳೀತೈತಿ, ಉಂಡಿದ್ದು ಸಾಯತೈತಿ."

ದೊಡ್ಡಪ್ಪ ಬೇಲಿಯ ಅಂಚಿಗೆ ಬಂದ. ಮರಿಯ ತೆರೆದ ಹೊಟ್ಟೆಯನ್ನು ನೋಡುತ್ತ ನಿಂತುಬಿಟ್ಟ. ಮೊದಲ ತುತ್ತು ಕೊಟ್ಟವನು ತಾನೇ ಎಂಬುದು ಅವನಿಗೆ ಎಲ್ಲಿ ತಾಗಿತೋ, ಆವತ್ತು ಅವನು ಊಟ ಮಾಡಲಿಲ್ಲ.

ಕೈ ತೊಳೆಯುತ್ತ ಅಕ್ಕಾರು ಅಂದರು: "ಈ ಹುಡಗಿ ಕೈ ನಡಗಲಿಲ್ಲ ನೋಡ್ರಿ. ಹತ್ತನೇದು ಮುಗೀಲಿ, ಗೋಕಾಕಕ್ಕ ಸೈನ್ಸ್ ಕಲ್ಯಾಕ ಕಳಸ್ರಿ. ಡಾಕ್ಟರ್ ಆಗ್ತಾಳ."

ಆಗಲೇ ದೊಡ್ಡಪ್ಪ ಟಗರಿನ ಮಾತು ಆಡಿದ್ದು. ದುಃಖವಾದಾಗ ಚೇಷ್ಟೆ ಮಾಡುವುದು ಅವನ ಸ್ವಭಾವ. ಚೇಷ್ಟೆಯ ಹಿಂದೆ ಖರೆ ಮಾತೂ ಇತ್ತು. ಹತ್ತನೇದು ಮುಗಿದ ಕೂಡಲೇ ನನ್ನನ್ನು ಮೂಡಲಗಿ ಕಡೆಯ ಒಂದು ಕುರಿಗಾರರ ಮನೆಗೆ ಕೊಡುವುದೆಂದು ಮಾತಾಗಿತ್ತು.

ಅಕ್ಕಾರಿಗೆ ನಮ್ಮ ದೊಡ್ಡಪ್ಪನ ಒಂದು ದೌರ್ಬಲ್ಯ ಗೊತ್ತಿತ್ತು. ಟಗರಿನ ಕಾಳಗಕ್ಕೆ ಹೋಗಿ ಬಂದ ಮನುಷ್ಯ, ಪಂತ ಎಂದರೆ ಕಿವಿ ನಿಮಿರುತ್ತಿತ್ತು. "ಹಂಗಾರ ಪಂತ ಕಟ್ರಿ" ಎಂದರು. "ಬರೂ ವರ್ಷ ನಿಮ್ಮ ಮರಿಗೋಳಿಗೆ ನಾ ಎರಡ ಸರತಿ ಸೂಜಿ ಮಾಡ್ತೇನಿ. ಗೊಂಜಾಳದ ಹೊಲಕ್ಕ ನಾ ಹೇಳಿದಂಗ ಇಳಸ್ರಿ. ಕರುಳ ಬ್ಯಾನಿಂದ ಒಂದ ಮರಿ ಸತ್ತರೂ ಈ ಹುಡಗಿ ಸುದ್ದಿ ನಾ ಎತ್ತಂಗಿಲ್ಲ. ಒಂದೂ ಸಾಯಲಿಲ್ಲ ಅಂದ್ರ ಆಕಿ ಕಾಲೇಜಿಗೆ."

"ಆತು" ಎಂದ ದೊಡ್ಡಪ್ಪ. ಅವನ ಮಟ್ಟಿಗೆ ಅದು ಮರಿ ಉಳಿಸುವ ಪಂತ. ನನ್ನ ಮಟ್ಟಿಗೆ ಏನಾಗಿತ್ತು ಎಂದು ಹೇಳಬೇಕಿಲ್ಲ. ಆ ವರ್ಷವಿಡೀ ನಾನು ಪುಸ್ತಕ ತೆರೆದಾಗಲೆಲ್ಲ ಮರಿಗಳ ಹೊಟ್ಟೆಯ ಚಿಂತೆ ಮಾಡಿದ್ದೇನೆ.

ಮುಂದಿನ ವರ್ಷ ದಸರೆಗೆ ಮೊದಲು ಒಂದನೇ ಸೂಜಿ ಆಯಿತು. ಸೂಜಿ ಆದ ಮರಿಯ ನೆತ್ತಿಗೆ ಕೆಂಪು ಬಣ್ಣ ಬಳಿಯುವುದು ವಾಡಿಕೆ. ಎರಡನೆಯದಕ್ಕೆ ಮೂರು ವಾರ ಬಿಡಬೇಕು. ಹಿಂಡು ಮೂರು ವಾರ ಒಂದೇ ಕಡೆ ನಿಲ್ಲುವುದುಂಟೆ? ಮೂಡಲಗಿ ಕಡೆಯ ಕಾಲುವೆ ದಂಡೆ ಹಿಡಿದು ಹೋಗಿತ್ತು. ಒಂದು ಭಾನುವಾರ ನಾನು ರೊಟ್ಟಿ ಗಂಟು ಒಯ್ದು ಅಲ್ಲಿದ್ದೆ. ದೂರದಲ್ಲಿ ಯಾರೋ ತಲೆಯ ಮೇಲೆ ಡಬ್ಬಿ ಹೊತ್ತು ಕಾಲುವೆ ದಂಡೆಯ ಮೇಲೆ ನಡೆದು ಬರುತ್ತಿದ್ದರು. ಅಕ್ಕಾರು! ಸ್ಕೂಟರ್ ಕೆಸರಲ್ಲಿ ಹೂತು, ಅದನ್ನು ಅಲ್ಲೇ ಬಿಟ್ಟು, ಐಸ್ ಡಬ್ಬಿಯನ್ನು ತಲೆಗೆ ಏರಿಸಿಕೊಂಡಿದ್ದರು. ದಾರಿಯುದ್ದಕ್ಕೂ ಕುರಿಯ ಹಿಕ್ಕೆ ಒಣಗಿದೆಯೋ ಹಸಿ ಇದೆಯೋ ನೋಡಿಕೊಂಡೇ ಹಿಂಡು ಹುಡುಕಿದ್ದರು.

"ಏನ್ರಿ ಅಕ್ಕಾರ, ಮೊಸರ ಮಾರಾಕ ಬಂದ್ರೇನ?" ಎಂದ ದೊಡ್ಡಪ್ಪ.

"ಹೌದ್ರಿ, ನಿಮ್ಮ ಮರಿಗೋಳಿಗೆ. ಬರೂದ್ರಾಗ ಕರಗಿದ್ದರ ನಿಮಗ ಕುಡಸ್ತಿದ್ನಿ."

"ಇದು ನಿಮ್ಮ ಹದ್ದ ಅಲ್ಲಲ್ಲರಿ. ಇಲ್ಲಿಗೆ ಬ್ಯಾರೆ ಡಾಕ್ಟರ್ ಅದಾರು."

"ಅವರಿಗೆ ಹೇಳೇ ಬಂದೇನಿ. ಕ್ರಿಮಿಗೆ ಏನ ತಾಲೂಕ ಗೊತ್ತೈತೇನ್ರಿ?" ಎಂದು ನೀರು ಕುಡಿದು, ನನ್ನ ಕಡೆ ತಿರುಗಿದರು. "ತಂಗಿ, ಒಂದನೇ ಸೂಜಿ ಮೈಗೆ ಸುದ್ದಿ ಮುಟ್ಟಸ್ತೈತಿ, ಎರಡನೇದು ಕಾವಲಿಗೆ ನಿಲ್ಲಸ್ತೈತಿ. ಸುದ್ದಿ ಮುಟ್ಟಿದ ಮ್ಯಾಲ ಕಾವಲಿಗೆ ಯಾರೂ ಬರಲಿಲ್ಲ ಅಂದ್ರ ಏನ ಉಪಯೋಗ?" ಈ ಮಾತನ್ನು ನಾನು ಮುಂದೆ ಬೀದರಿನ ಪಶುವೈದ್ಯ ಕಾಲೇಜಿನಲ್ಲಿ ಇಂಗ್ಲಿಷ್ ಪುಸ್ತಕದಲ್ಲಿ ಪುಟಗಟ್ಟಲೆ ಓದಿದೆ. ಇದಕ್ಕಿಂತ ಹೆಚ್ಚಿನದೇನೂ ಅಲ್ಲಿ ಸಿಗಲಿಲ್ಲ.

ದೀಪಾವಳಿಗೆ ಹಿಂಡು ಮತ್ತೆ ಘೋಡಗೇರಿಗೆ ಬಂತು. ದೊಡ್ಡಪ್ಪ ಅಕ್ಕಾರು ಹೇಳಿದಂತೆಯೇ ನಡೆದ. ಮೊದಲು ಬದುವಿನ ಹುಲ್ಲು, ಆಮೇಲೆ ಹೊಲದಲ್ಲಿ ಸ್ವಲ್ಪ ಹೊತ್ತು, ದಿನಕ್ಕೆ ಇಷ್ಟಿಷ್ಟೇ ಹೆಚ್ಚಿಗೆ. ಸೂಟಿ ಮುಗಿಯುತ್ತ ಬಂತು. ಒಂದೂ ಮರಿ ಕುಂದಲಿಲ್ಲ. ಅವ್ವ ಗೋಕಾಕದಲ್ಲಿ ಹಾಸ್ಟೆಲ್ ಎಲ್ಲಿದೆ ಎಂದು ವಿಚಾರಿಸತೊಡಗಿದ್ದಳು.

ನಾನು ಸಾಲಿಗೆ ಮರಳುವ ಹಿಂದಿನ ದಿನ ಬೆಳಗ್ಗೆ ಒಂದು ಮರಿ ಸತ್ತಿತ್ತು. ಅದು ದೇವರ ಮರಿ, ಬೀರಪ್ಪನ ಹೆಸರಲ್ಲಿ ಬಲಿಗೆಂದು ಬಿಟ್ಟದ್ದು. ದೊಡ್ಡಪ್ಪ ಕೈಯಾರೆ ಕಾಳು ತಿನ್ನಿಸಿ ಬೆಳೆಸಿದ್ದ. ನೆತ್ತಿಯ ಮೇಲೆ ಕೆಂಪು ಬಣ್ಣ ಇತ್ತು.

ಅಕ್ಕಾರು ಬಂದರು, ಬೇಲಿ ದಾಟಿ ಕುಳಿತರು, ಕರಡಿಗೆ ಬೆನ್ನಿಗೆ ಹೋಯಿತು. ಹೊಟ್ಟೆ ತೆರೆದರು. ದೊಡ್ಡಪ್ಪ ಬೇಲಿಯ ಒಳಗೆ ನಿಂತಿದ್ದ, ಅಲ್ಲಿಂದ ಅವನಿಗೆ ಏನೂ ಕಾಣುತ್ತಿರಲಿಲ್ಲ. ಹಾವು ಮುಟ್ಟಿದೆ ಎಂದಿದ್ದರೆ ಮುಗಿಯುತ್ತಿತ್ತು, ಅವನು ನಂಬುತ್ತಿದ್ದ. ಅಕ್ಕಾರು ಕರುಳನ್ನು ನನ್ನ ಕೈಗೆ ಕೊಟ್ಟರು.

"ನೀನ ಹೇಳ ತಂಗಿ. ಏನೈತಿ?"

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದರು. ಉಬ್ಬಿದ ಕೆಂಪು ಕರುಳು. ಮೂತ್ರಪಿಂಡಕ್ಕೆ ಬೆರಳು ಇಟ್ಟೆ, ಒಳಗೆ ಹೋಯಿತು.

"ಕರುಳ ಬ್ಯಾನಿರಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಜೋರಾಗಿ ಹೇಳ. ಕಾಕಾಗ ಕೇಳಸ್ಲಿ."

"ಕರುಳ ಬ್ಯಾನಿ!"

ಅಕ್ಕಾರು ಎದ್ದು ನಿಂತರು. "ಕಾಕಾ, ನಾ ಸೋತ್ನಿ. ಕರುಳ ಸುಳ್ಳ ಹೇಳಂಗಿಲ್ಲ. ಅದನ್ನ ಕಂಡಾವರೂ ಹೇಳಬಾರದು" ಎಂದು ಕೈ ತೊಳೆಯಲು ಹೋದರು. ನಾನು ಆ ಮರಿಯ ಹತ್ತಿರವೇ ಕುಳಿತು ಅತ್ತೆ. ಅವ್ವ ಬರಲಿಲ್ಲ. ಅವಳೂ ಎಲ್ಲೋ ಅಳುತ್ತಿದ್ದಳು ಎಂದು ಕಾಣುತ್ತದೆ.

ಅಕ್ಕಾರು ಸ್ಕೂಟರ್ ಏರುವ ಹೊತ್ತಿಗೆ ದೊಡ್ಡಪ್ಪ ಬೇಲಿ ದಾಟಿ ಹೊರಗೆ ಬಂದ. ಹೆಗಲ ಕಂಬಳಿಯನ್ನು ತೆಗೆದು ಕೈಯಲ್ಲಿ ಹಿಡಿದಿದ್ದ.

"ಆ ಮರಿಗೆ ಸೂಜಿ ಆಗಿಲ್ರಿ" ಎಂದ.

"ಆಂ?"

"ದೇವರ ಮರಿ ರೀ. ಅದರ ದಿನಾ ಬರೂತನಕಾ ಮೈಯಿಂದ ಒಂದ ಹನಿ ರಕ್ತ ತಗಿಯೂಹಂಗಿಲ್ಲ ನಮ್ಮಲ್ಲಿ. ನೀವು ಬಂದಾಗ ಎರಡೂ ಸರತಿ ಈ ಕಂಬಳ್ಯಾಗ ಮುಚ್ಚಿ ಇಟಗೊಂಡ ಕುಂತಿದ್ನಿ. ಬಣ್ಣ ನಾನ ಹಚ್ಚೇನಿ." ಸ್ವಲ್ಪ ಹೊತ್ತು ನೆಲ ನೋಡಿದ. "ಸೂಜಿ ಆದದ್ದು ಒಂದೂ ಸತ್ತಿಲ್ಲ. ಸೋತಾಂವ ನಾನು. ಹುಡಗೀನ ಕಳಸ್ತೇನಿ."

ಅಕ್ಕಾರು ನಗಲಿಲ್ಲ, ಗೆದ್ದೆ ಎನ್ನಲಿಲ್ಲ. "ಬೀರಪ್ಪಗೂ ಉಳದ ಮರಿ ಬೇಕೋ ಸತ್ತ ಮರಿ ಬೇಕೋ ಕೇಳ್ರಿ ಕಾಕಾ" ಎಂದಷ್ಟೇ ಹೇಳಿ ಹೊರಟರು. ಮುಂದಿನ ವರ್ಷದಿಂದ ದೇವರ ಮರಿಗೇ ಮೊದಲ ಸೂಜಿ.

ಹತ್ತನೇದು ಮುಗಿಸಿ ಗೋಕಾಕಕ್ಕೆ ಹೋದೆ. ಸೈನ್ಸ್ ತೆಗೆದುಕೊಂಡೆ, ಇಂಗ್ಲಿಷಿನಲ್ಲಿ ಮುಗ್ಗರಿಸಿದೆ. ಮೊದಲ ಸಲ ಸಿಇಟಿಯಲ್ಲಿ ಸೀಟು ಸಿಗಲಿಲ್ಲ. ಮತ್ತೊಂದು ವರ್ಷ ಮನೆಯಲ್ಲಿ ಕುಳಿತು ಓದಿ ಬರೆದೆ. ಆ ವರ್ಷ ಓಣಿಯವರು ಟಗರಿನ ಮಾತನ್ನು ದಿನಾ ನೆನಪು ಮಾಡಿಕೊಟ್ಟರು. ಕಡೆಗೆ ಬೀದರಿನಲ್ಲಿ ಸೀಟು ಸಿಕ್ಕಿತು. ಬಸ್ಸು ಹತ್ತಿಸಲು ಬಂದ ಅಕ್ಕಾರು ಪುಸ್ತಕ ಕೊಡಲಿಲ್ಲ, ಉಪದೇಶ ಹೇಳಲಿಲ್ಲ. ಒಂದು ಜೊತೆ ರಬ್ಬರ್ ಬೂಟು ಕೊಟ್ಟು, "ಒಂದ ಸೈಜ್ ದೊಡ್ಡದ ತಂದೇನಿ, ದಪ್ಪ ಕಾಲಚೀಲ ಹಾಕ್ಕೋ. ಅಲ್ಲಿ ಚಳಿ ಭಾಳ" ಎಂದರು.

ನನ್ನ ಮೂರನೇ ವರ್ಷದಲ್ಲಿ ಅವರ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆರಡು ಸಲ ಬೆಳಗಾವಿಗೆ ಹೋಗಿ ಡಯಾಲಿಸಿಸ್. ಉಳಿದ ದಿನ ದವಾಖಾನೆಗೆ ಬರುತ್ತಿದ್ದರು. ಸೂಟಿಯಲ್ಲಿ ನೋಡಲು ಹೋದಾಗ ಮುಖ ಉಬ್ಬಿತ್ತು, ಕೈ ಮೇಲೆ ಸೂಜಿ ಚುಚ್ಚಿದ ಗಂಟು. ನಾನು ಆ ಕೈಯನ್ನೇ ನೋಡುತ್ತಿದ್ದೆ. "ನೋಡ ತಂಗಿ, ನನ್ನೂ ಮೆತ್ತಗಾಗ್ಯಾವ" ಎಂದರು. "ಆದರ ನಂಗ್ಯಾರೂ ಗೊಂಜಾಳ ತಿನ್ನಿಸಿಲ್ಲ ಬಿಡ." ನಗಬೇಕೆಂದು ಹೇಳಿದ ಮಾತು. ನಾನು ನಕ್ಕೆ, ಹಿತ್ತಲಿಗೆ ಹೋಗಿ ಅತ್ತೆ. ಅಲ್ಲಿ ಆ ಕಲ್ಲು ಇತ್ತು, ಕಲ್ಲಿನ ಬಗಲಲ್ಲಿ ಅವರ ಸಾಬೂನು.

ಹೊರಡುವಾಗ ಕೇಳಿದರು: "ಡಿಗ್ರಿ ಕೊಡೂ ದಿನಾ ನಾ ಬರಲೇನ? ನಿಮ್ಮ ದೊಡ್ಡಪ್ಪನ ಬಾಜೂ ಕುಂದರ್ತೇನಿ. ಟಗರೂ ಕರಕೊಂಡ ಬರ್ರಿ ಅಂತ ಹೇಳ."

ಅವರು ತೀರಿಕೊಂಡಾಗ ನಾನು ಬೀದರಿನಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ಹುಟ್ಟಿದಾರಭ್ಯ ಫೋನಿನಲ್ಲಿ ಮಾತಾಡದ ದೊಡ್ಡಪ್ಪ ಅವತ್ತು ಮಾತಾಡಿದ. "ಅಕ್ಕಾರ ಮಣ್ಣಿಗೆ ಹೋಗಿದ್ನಿ" ಎಂದ. ಹಿಂದೆ ಎಲ್ಲೋ ಕುರಿ ಕೂಗುತ್ತಿದ್ದವು. "ಕುಣ್ಯಾಗ ಕುಂದರಸಿದ್ರು ಬೇ. ಲಿಂಗ ಎದಿ ಮ್ಯಾಲ ಇತ್ತು" ಎಂದು ಫೋನ್ ಇಟ್ಟ.

ಪದವಿ ಪ್ರದಾನದ ದಿನ ದೊಡ್ಡಪ್ಪನೂ ಅವ್ವನೂ ಬಂದಿದ್ದರು. ದೊಡ್ಡಪ್ಪ ತನ್ನ ಬಾಜೂ ಕುರ್ಚಿಯ ಮೇಲೆ ಕಂಬಳಿ ಇಟ್ಟು, ಯಾರು ಕುಳಿತುಕೊಳ್ಳಲು ಬಂದರೂ "ಮಂದಿ ಅದಾರ್ರಿ" ಎನ್ನುತ್ತಿದ್ದ. ಸಮಾರಂಭ ಮುಗಿದು ಊರ ಹಾದಿ ಹಿಡಿದಾಗ, "ಮನಿಗೆ ಆಮ್ಯಾಲ. ಮೊದಲ ಸಂಕೇಶ್ವರಕ್ಕ" ಎಂದ.

ಅಕ್ಕಾರ ಅತ್ತೆ ಬಾಗಿಲಲ್ಲೇ ಕುಳಿತಿದ್ದರು. ಕಣ್ಣು ಮಂಜಾಗಿತ್ತು. ದೊಡ್ಡಪ್ಪ ಹೊಸ್ತಿಲ ಹೊರಗೇ ನಿಂತ. ಅವನ ಮೈಯೆಲ್ಲ ಕುರಿಯ ವಾಸನೆ. ಮುದುಕಿ ಮೂಗೆತ್ತಿ ಗಾಳಿ ಎಳೆದುಕೊಂಡರು.

"ಕುರ್ಯಾರೇನ? ಒಳಗ ಬರ್ರಿ" ಎಂದರು. "ಈ ವಾಸನಿ ಬರದ ಭಾಳ ದಿನಾ ಆತು ಈ ಮನಿಗೆ."

ನಾನು ಪ್ರಮಾಣಪತ್ರ ತೆಗೆದು ಅವರ ಮುಂದೆ ಹಿಡಿದೆ. ಏನು, ಯಾಕೆ ಎಂದು ಹೇಳಿದೆ. ಅವರು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡು, "ತಡಿ ಯವ್ವಾ" ಎಂದು ಗೋಡೆ ಹಿಡಿದುಕೊಂಡು ಎದ್ದು ಹೋದರು. ಹಿತ್ತಲಲ್ಲಿ ಕಲ್ಲಿನ ಮೇಲೆ ನೀರು ಬಿದ್ದ ಸದ್ದು ಕೇಳಿಸಿತು. ಬಹಳ ಹೊತ್ತು ಬೀಳುತ್ತಿತ್ತು. ಮೊಳಕೈವರೆಗೆ ಒದ್ದೆ ಮಾಡಿಕೊಂಡು ಬಂದು, ಸೆರಗಿಗೆ ಒರೆಸಿ, ಎರಡೂ ಕೈ ಚಾಚಿದರು.

ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು, ಅಕ್ಷರಗಳ ಮೇಲೆ ಬೆರಳು ಆಡಿಸಿದರು.

"ಇದು ನಿನ್ನ ಹೆಸರೇನ?"

"ಹೌದ್ರಿ."

ಬೆರಳು ಕೆಳಗೆ ಇಳಿಯಿತು, ಸಹಿಗಳ ಮೇಲೆ ಹೋಯಿತು, ಮತ್ತೆ ಮೇಲೆ ಬಂತು.

"ನಮ್ಮಾಕಿದು ಎಲ್ಲೈತಿ?"

ದೊಡ್ಡಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬರಿಯೂದು ಮರತಾರ್ರಿ, ಅವ್ವಾರ" ಎಂದ.